ಆಟೊಕ್ರಾಸ್ ಕಾರಿಗೆ ಅಗಲ ಚಕ್ರ ಮತ್ತು ಫೆಂಡರ್ ಫ್ಲೇರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಆಟೊಕ್ರಾಸ್ ಎಂದರೆ ಡಾಂಬರು ಅಥವಾ ಕಾಂಕ್ರೀಟ್ ಅಂಗಳದಲ್ಲಿ ಕೋನ್‌ಗಳನ್ನು ಇಟ್ಟು, ಒಂದೊಂದೇ ಕಾರನ್ನು ಬಿಟ್ಟು, ಸಮಯ ಅಳೆಯುವ ಸ್ಪರ್ಧೆ. ಬ್ರಿಟನ್‌ನಲ್ಲಿ ಹುಲ್ಲು, ಮಣ್ಣಿನ ಮೇಲಿನ ಓಟಕ್ಕೆ ಇದೇ ಹೆಸರಿದೆ. ಅದರ ಟೈರಿನ ಲೆಕ್ಕವೇ ಬೇರೆ, ಇಲ್ಲಿ ಅದು ಬರುವುದಿಲ್ಲ. ಫ್ಲೇರ್ ಎಂದರೆ ಚಕ್ರದ ಮೇಲಿನ ಫೆಂಡರ್, ಅಂದರೆ ಮಡ್‌ಗಾರ್ಡ್ ಕಮಾನಿನ ಅಂಚನ್ನು ಹೊರಗೆ ಚಾಚುವ ಭಾಗ.

ಅಗಲ ಟೈರ್ ಹಾಕಿದರೆ ನಿಜವಾಗಿ ಸಿಗುವುದೇನು?

ನೆಲಕ್ಕೆ ತಾಗುವ ರಬ್ಬರ್ ಹೆಚ್ಚುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ತಾಗುವ ಜಾಗ ಎಷ್ಟು ದೊಡ್ಡದು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಒತ್ತಡ ಬದಲಾಗದಿದ್ದರೆ ಅಗಲ ಟೈರಿನ ಗುರುತೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದಿರುತ್ತದೆ. ಆದರೆ ಅದು ಉದ್ದದಲ್ಲಿ ಕುಗ್ಗಿ ಅಡ್ಡಕ್ಕೆ ಹರಡಿಕೊಳ್ಳುತ್ತದೆ, ಮತ್ತು ತಿರುವಿನಲ್ಲಿ ಆ ಆಕಾರವೇ ಲಾಭ ತರುತ್ತದೆ. ಜೊತೆಗೆ ಅಗಲ ಟೈರನ್ನು ಕಡಿಮೆ ಒತ್ತಡದಲ್ಲಿ ಓಡಿಸಲು ಸಾಧ್ಯವಾಗುತ್ತದೆ. ಆಗ ಗುರುತಿನ ವಿಸ್ತೀರ್ಣವೂ ಬೆಳೆಯುತ್ತದೆ.

ರಬ್ಬರಿಗೆ ಇನ್ನೊಂದು ಗುಣವಿದೆ. ಅದರ ಮೇಲಿನ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ತಿರುವಿನಲ್ಲಿ ಹೊರಬದಿಯ ಟೈರ್ ಹೊರುವ ಭಾರವನ್ನು ನೆನೆದರೆ, ಆ ಭಾರವನ್ನು ಹೆಚ್ಚು ಅಗಲದ ಮೇಲೆ ಹಂಚುವುದು ಏಕೆ ಒಳ್ಳೆಯದೆಂದು ತಿಳಿಯುತ್ತದೆ.

ಆದರೂ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ರಬ್ಬರಿನ ಗುಣಮಟ್ಟ ಅಗಲಕ್ಕಿಂತ ದೊಡ್ಡದು. ಗಟ್ಟಿಯಾಗಿ ಹಳತಾದ ಅಗಲ ಟೈರಿಗಿಂತ ಮೆದು ರಬ್ಬರಿನ ಹೊಸ ಕಿರಿದಾದ ಟೈರ್ ಕೋನ್‌ಗಳ ನಡುವೆ ಬೇಗ ಓಡುತ್ತದೆ. ಫ್ಲೇರ್‌ಗಾಗಿ ತಗಡು ಕತ್ತರಿಸುವ ಯೋಚನೆಯಲ್ಲಿದ್ದು ಕಾರಿನಲ್ಲಿ ಇನ್ನೂ ಸಾಧಾರಣ ರಸ್ತೆ ಟೈರ್ ಇದ್ದರೆ, ಕತ್ತರಿಯನ್ನು ಸದ್ಯಕ್ಕೆ ಕೆಳಗಿಡಿ.

ಟೈರ್ ಹಾಗೇ ಇದ್ದು ರಿಮ್ ಮಾತ್ರ ಅಗಲವಾದರೆ ಪ್ರಯೋಜನವಿದೆಯೇ?

ಖಂಡಿತ ಇದೆ, ಮತ್ತು ಹಲವರು ಇದನ್ನು ಕಡೆಗಣಿಸುತ್ತಾರೆ. ಕಿರಿದಾದ ರಿಮ್ ಮೇಲೆ ಟೈರಿನ ಪಕ್ಕದ ಗೋಡೆಗಳು ಒಳಕ್ಕೆ ಬಾಗಿರುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ರಿಮ್ ಮೊದಲು ಸರಿದು ಟೈರಿನ ತಳ ಆಮೇಲೆ ಹಿಂಬಾಲಿಸುತ್ತದೆ. ರಿಮ್ ಅಗಲವಾದಾಗ ಗೋಡೆ ನೆಟ್ಟಗೆ ನಿಲ್ಲುತ್ತದೆ, ತಳ ಸಮತಟ್ಟಾಗಿರುತ್ತದೆ, ಕಾರು ತಕ್ಷಣ ಮಾತು ಕೇಳುತ್ತದೆ. ಒಂದರ ಹಿಂದೊಂದು ದಿಕ್ಕು ಬದಲಿಸುವ ಆಟೊಕ್ರಾಸ್‌ನಲ್ಲಿ ಈ ತಕ್ಷಣದ ಸ್ಪಂದನೆ ಬಹಳ ಬೆಲೆಯುಳ್ಳದ್ದು.

ಪ್ರತಿಯೊಂದು ಟೈರಿಗೂ ತಯಾರಕರು ರಿಮ್ ಅಗಲದ ಮಿತಿ ಕೊಟ್ಟಿರುತ್ತಾರೆ. ಉದಾಹರಣೆಗೆ 205/50ಆರ್15 (205 ಮಿ.ಮೀ. ಅಗಲ, ಗೋಡೆಯ ಎತ್ತರ ಅದರ ಶೇ. 50, ರಿಮ್ 15 ಇಂಚು) ಟೈರಿಗೆ ಸಾಮಾನ್ಯವಾಗಿ 5.5ರಿಂದ 7.5 ಇಂಚು, 225/45ಆರ್17 ಟೈರಿಗೆ 7ರಿಂದ 8.5 ಇಂಚು. ಆಟೊಕ್ರಾಸ್‌ಗೆ ಆ ಮಿತಿಯ ಮೇಲಿನ ತುದಿಯೇ ಸರಿಯಾದ ಜಾಗ. ನೆನಪಿಡಬೇಕಾದ ಇನ್ನೊಂದು ಸಂಗತಿ: ರಿಮ್ ಅರ್ಧ ಇಂಚು ಅಗಲವಾದಾಗ ಟೈರಿನ ಅಡ್ಡಳತೆ ಸುಮಾರು 5 ಮಿ.ಮೀ. ಹಿಗ್ಗುತ್ತದೆ. ಟೈರಿನ ಮೇಲೆ 225 ಎಂದು ಬರೆದಿದ್ದರೂ ಅದು ನಿಮ್ಮ ರಿಮ್ ಮೇಲೆ 225 ಮಿ.ಮೀ. ಇರುತ್ತದೆಂಬ ಖಾತ್ರಿಯಿಲ್ಲ. ಒಂದೇ ಅಳತೆ ಬರೆದ ಎರಡು ಕಂಪನಿಗಳ ಟೈರುಗಳ ಭುಜದ, ಅಂದರೆ ತಳ ಪಕ್ಕದ ಗೋಡೆಗೆ ಸೇರುವ ಅಂಚಿನ, ಆಕಾರವೂ ಬೇರೆಬೇರೆ. ಒಂದು ಉಜ್ಜದೆ ಓಡಿದ ಜಾಗದಲ್ಲಿ ಇನ್ನೊಂದು ಉಜ್ಜಬಹುದು.

ನೋಟಕ್ಕಾಗಿ ಕಿರಿದಾದ ಟೈರನ್ನು ವಿಪರೀತ ಅಗಲದ ರಿಮ್‌ಗೆ ಎಳೆದು ಕೂರಿಸುವ ಪದ್ಧತಿ ಸ್ಪರ್ಧೆಗೆ ಸಲ್ಲದು. ಕಡಿಮೆ ಗಾಳಿಯಲ್ಲಿ ಜೋರಾಗಿ ತಿರುಗಿದಾಗ ಟೈರಿನ ಅಂಚು ರಿಮ್‌ನಿಂದ ಕಳಚುವ ಅಪಾಯವಿದೆ.

ಹಾಗಾದರೆ ಎಷ್ಟು ಅಗಲವೋ ಅಷ್ಟು ಒಳ್ಳೆಯದಲ್ಲವೇ?

ಅಲ್ಲ. ಆಟೊಕ್ರಾಸ್ ಉಳಿದ ಟ್ರ್ಯಾಕ್ ಓಟಗಳಿಂದ ಬೇರೆಯಾಗುವುದು ಇಲ್ಲಿಯೇ.

ಮೊದಲು ಲಾಭದ ಕಡೆ ನೋಡೋಣ. ಎರಡು ಬದಿಯ ಚಕ್ರಗಳ ನಡುವಿನ ಅಂತರ, ಅಂದರೆ ಟ್ರ್ಯಾಕ್, ಹೆಚ್ಚಾದರೆ ತಿರುವಿನಲ್ಲಿ ಒಳಬದಿಯಿಂದ ಹೊರಬದಿಗೆ ವರ್ಗವಾಗುವ ಭಾರ ಕಡಿಮೆಯಾಗುತ್ತದೆ. 1,100 ಕೆ.ಜಿ.ಯ ಕಾರು, ಅದರ ಗುರುತ್ವ ಕೇಂದ್ರ ನೆಲದಿಂದ 500 ಮಿ.ಮೀ. ಎತ್ತರ, ಟ್ರ್ಯಾಕ್ 1,450 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದು ಜಿ ಬಲದ, ಅಂದರೆ ಕಾರಿನ ತೂಕದಷ್ಟೇ ಅಡ್ಡಬಲ ಬೀಳುವ, ತಿರುವಿನಲ್ಲಿ ಸುಮಾರು 379 ಕೆ.ಜಿ. ಭಾರ ಹೊರಬದಿಗೆ ಹೋಗುತ್ತದೆ. ಟ್ರ್ಯಾಕ್ 1,510 ಮಿ.ಮೀ. ಆದರೆ ಅದು 364 ಕೆ.ಜಿ.ಗೆ ಇಳಿಯುತ್ತದೆ. ಹದಿನೈದು ಕೆ.ಜಿ. ಉಳಿತಾಯ, ಒಳ್ಳೆಯದೇ, ಆದರೆ ಪವಾಡವಲ್ಲ.

ಈಗ ಖರ್ಚಿನ ಕಡೆ. ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಎಡಕ್ಕೆ, ಬಲಕ್ಕೆ ನುಸುಳುವ ಸ್ಲಾಲಂನಲ್ಲಿ ಕಾರಿನ ನಡುಗೆರೆ ಪ್ರತಿ ಕೋನ್‌ನಿಂದ ಕಾರಿನ ಅರ್ಧ ಅಗಲದಷ್ಟು ದೂರ ಸರಿಯಲೇಬೇಕು. ಕಾರು 1,700 ಮಿ.ಮೀ. ಅಗಲವಿದ್ದು, ಕೋನ್‌ಗೂ ನಿಮಗೂ 50 ಮಿ.ಮೀ. ಅಂತರ ಬಿಡುತ್ತೀರಿ ಎಂದರೆ ಆ ದೂರ 900 ಮಿ.ಮೀ. ಫ್ಲೇರ್ ಹಾಕಿ ಒಂದೊಂದು ಬದಿಗೆ 30 ಮಿ.ಮೀ. ಚಾಚಿದರೆ 930 ಮಿ.ಮೀ. ಅದೇ ವೇಗದಲ್ಲಿ ನುಸುಳಲು ಬೇಕಾಗುವ ಅಡ್ಡಬಲ ಇದೇ ಪ್ರಮಾಣದಲ್ಲಿ, ಅಂದರೆ ಶೇ. 3.3ರಷ್ಟು ಏರುತ್ತದೆ. ಹಿಡಿತ ಹೆಚ್ಚದಿದ್ದರೆ ಸ್ಲಾಲಂನ ವೇಗ ಸುಮಾರು ಶೇ. 1.6ರಷ್ಟು ಇಳಿಯುತ್ತದೆ. ಎಂದರೆ ಅಗಲ ಟೈರ್ ಶೇ. 3.3ರಷ್ಟು ಹೆಚ್ಚು ಹಿಡಿತ ಕೊಟ್ಟರೆ ನೀವು ಮೊದಲಿದ್ದಲ್ಲೇ ಇರುತ್ತೀರಿ. ಅದಕ್ಕಿಂತ ಹೆಚ್ಚು ಕೊಟ್ಟಷ್ಟೇ ನಿಮ್ಮ ಗಳಿಕೆ.

ಈ ಕಾರಣಕ್ಕೆ ನನ್ನ ಮಾತು ಇಷ್ಟೇ: ಅಗಲವನ್ನು ಮೊದಲು ಒಳಗೆ ಹುಡುಕಬೇಕು, ಅಲ್ಲಿ ಜಾಗ ಮುಗಿದ ಮೇಲೆ ಮಾತ್ರ ಹೊರಗೆ ಚಾಚಬೇಕು. ಹೊರಗೆ ಚಾಚಿದ ಪ್ರತಿ ಮಿಲಿಮೀಟರಿಗೂ ಒಂದೊಂದು ಕೋನ್‌ನಲ್ಲಿ ಸುಂಕ ತೆರುತ್ತೀರಿ. ಕೋನ್ ತಾಗಿ ಬಿದ್ದರೆ ಅದು ಬೇರೆ ಲೆಕ್ಕ. ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ನಿಯಮದಲ್ಲಿ ಒಂದು ಕೋನ್‌ಗೆ ಎರಡು ಸೆಕೆಂಡ್ ದಂಡವಿದೆ. ಅಷ್ಟು ಸಮಯವನ್ನು ಯಾವ ಟೈರೂ ಹಿಂದಿರುಗಿಸುವುದಿಲ್ಲ.

ತೂಕವನ್ನೂ ಸೇರಿಸಿ. ಚಕ್ರದ ಹೊರ ಅಂಚಿನಲ್ಲಿ ಕೂಡಿದ ಒಂದು ಕೆ.ಜಿ. ವೇಗ ಹೆಚ್ಚಿಸುವಾಗ ಸುಮಾರು ಎರಡು ಕೆ.ಜಿ.ಯಂತೆ ವರ್ತಿಸುತ್ತದೆ, ಏಕೆಂದರೆ ಅದನ್ನು ಮುಂದಕ್ಕೆ ತಳ್ಳುವುದರ ಜೊತೆಗೆ ತಿರುಗಿಸಲೂ ಬೇಕು. ಇನ್ನೊಂದು: ಓಟ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹಗುರ ಕಾರಿಗೆ ಅತಿ ಅಗಲ ಟೈರ್ ಹಾಕಿದರೆ ತಣ್ಣನೆಯ ದಿನ ರಬ್ಬರ್ ಬಿಸಿಯೇರುವ ಹೊತ್ತಿಗೆ ಕೊನೆಯ ಕೋನ್ ದಾಟಿರುತ್ತೀರಿ.

ನಿಯಮ ಪುಸ್ತಕವನ್ನು ಯಾವಾಗ ನೋಡಬೇಕು?

ಎಲ್ಲಕ್ಕಿಂತ ಮೊದಲು. ಕಡಿಮೆ ಮಾರ್ಪಾಡಿನ ವರ್ಗಗಳಲ್ಲಿ ರಿಮ್ ಅಗಲ, ಆಫ್‌ಸೆಟ್ (ಮುಂದಿನ ಪ್ರಶ್ನೆಯಲ್ಲಿ ವಿವರಿಸಿದ್ದೇನೆ), ಟೈರಿನ ಅಡ್ಡಳತೆ ಎಲ್ಲಕ್ಕೂ ಮಿತಿ ಇರುತ್ತದೆ. ಕೆಲವೆಡೆ ಫೆಂಡರಿನ ಒಳ ಅಂಚು ಮಡಿಸಬಹುದು, ಆದರೆ ಹೊರ ಆಕಾರ ಬದಲಿಸುವಂತಿಲ್ಲ. ಫ್ಲೇರ್ ಹಾಕಿದ ಒಂದೇ ಕಾರಣಕ್ಕೆ ಕಾರು ಎಂಜಿನ್, ತೂಕ ಎಲ್ಲವನ್ನೂ ಬದಲಿಸಿದವರ ವರ್ಗಕ್ಕೆ ಹೋಗಬಹುದು. ಆ ವರ್ಗದಲ್ಲಿ ಓಡಲು ನಿಮ್ಮ ಕಾರಿನ ಉಳಿದ ಭಾಗ ಸಿದ್ಧವಿದೆಯೇ ಎಂದು ಯೋಚಿಸಿ. ಒಂದು ಪದದ ಅರ್ಥ ಸ್ಪಷ್ಟವಾಗದಿದ್ದರೆ ಸಂಘಟಕರಿಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.

ಆಫ್‌ಸೆಟ್ ಲೆಕ್ಕ ನನಗೆ ಪ್ರತಿ ಸಲ ತಲೆಕೆಳಗಾಗುತ್ತದೆ. ಸರಳವಾಗಿ ಹೇಳಬಹುದೇ?

ರಿಮ್‌ನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್‌ಗೆ, ಅಂದರೆ ಕಾರಿನ ಕಡೆ ಚಕ್ರವನ್ನು ಬಿಗಿಯುವ ಭಾಗಕ್ಕೆ, ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ದೂರವಿದೆಯೋ ಅದೇ ಆಫ್‌ಸೆಟ್. ರಿಮ್ ಮೇಲೆ ಇಟಿ 40, ಇಟಿ 35 ಎಂದು ಕೆತ್ತಿರುತ್ತಾರೆ. ಕೂರುವ ಮುಖ ಗೆರೆಗಿಂತ ಹೊರಗಿದ್ದರೆ ಸಂಖ್ಯೆ ಧನಾತ್ಮಕ. ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಒಳಕ್ಕೆ ಹೋಗುತ್ತದೆ, ಚಿಕ್ಕದಾದಷ್ಟೂ ಹೊರಕ್ಕೆ ಬರುತ್ತದೆ.

ಈಗ ಒಂದು ಉದಾಹರಣೆ. ಮೊದಲಿದ್ದದ್ದು 7 ಇಂಚು ಅಗಲ, ಇಟಿ 40. ಹೊಸದು 9 ಇಂಚು, ಇಟಿ 35. ಅಗಲ ಎರಡು ಇಂಚು ಹೆಚ್ಚಿತು. ಅದರಲ್ಲಿ ಅರ್ಧರ್ಧ, ಅಂದರೆ 25.4 ಮಿ.ಮೀ., ಒಂದೊಂದು ಬದಿಗೂ ಹೋಗುತ್ತದೆ. ಆಫ್‌ಸೆಟ್ 5 ಕಡಿಮೆಯಾದ್ದರಿಂದ ಇಡೀ ಚಕ್ರ 5 ಮಿ.ಮೀ. ಹೊರಗೆ ಸರಿಯಿತು. ಹೊರ ಅಂಚು 30.4 ಮಿ.ಮೀ. ಹೊರಗೆ ಬಂತು, ಒಳ ಅಂಚು 20.4 ಮಿ.ಮೀ. ಒಳಗೆ ಹೋಯಿತು. ಒಳಗೆ ಒಂದಿಷ್ಟೂ ಜಾಗವಿಲ್ಲವೆಂದು ಇಟಿ 15 ಆರಿಸಿದರೆ ಒಳ ಅಂಚು ಇದ್ದಲ್ಲೇ ಇರುತ್ತದೆ, ಆದರೆ ಹೊರ ಅಂಚು ಐವತ್ತು ಮಿಲಿಮೀಟರಿಗೂ ಹೆಚ್ಚು ಹೊರಗೆ ಬರುತ್ತದೆ. ಮೇಲಿನ ಸ್ಲಾಲಂ ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ರಿಮ್ ಅಗಲ ಎಂದು ಬರೆದಿರುವುದು ಟೈರ್ ಕೂರುವ ಎರಡು ಅಂಚುಗಳ ಒಳ ಅಳತೆ. ಹೊರಗಿನ ತುಟಿಗಳೂ ಸೇರಿ ನಿಜವಾದ ಅಗಲ ಸುಮಾರು ಒಂದು ಇಂಚು ಹೆಚ್ಚಿರುತ್ತದೆ. ಅಳತೆ ಪಟ್ಟಿ ಹಿಡಿದವರು ಬಹಳ ಸಲ ಎಡವುವುದು ಇಲ್ಲಿ.

ಹೊಸ ರಿಮ್ ಬದಲು ಸ್ಪೇಸರ್ ಹಾಕಿದರೆ ಸಾಲದೇ?

ಹಬ್ ಮತ್ತು ರಿಮ್ ನಡುವೆ ಕೂರುವ ತಟ್ಟೆಯಾದ ಸ್ಪೇಸರ್ ಚಕ್ರವನ್ನು ಹೊರಗೆ ತಳ್ಳುತ್ತದೆ, ಅಗಲ ಮಾಡುವುದಿಲ್ಲ. ಸರಿಯಾದ ಆಫ್‌ಸೆಟ್‌ನ ರಿಮ್ ಸಿಗದಿದ್ದಾಗ ಕೆಲವು ಮಿಲಿಮೀಟರ್ ಹೊಂದಿಸಲು ಅದು ಯೋಗ್ಯ. ಹಬ್‌ನ ನಡುವಿನ ಉಬ್ಬಿಗೆ ಬಿಗಿಯಾಗಿ ಕೂರುವಂಥದ್ದನ್ನೇ ಬಳಸಿ. ತೆಳುವಾದ ಸ್ಪೇಸರ್ ಹಾಕಿದ ಮೇಲೆ ರಿಮ್‌ಗೆ ಹಿಡಿಯಲು ಆ ಉಬ್ಬು ಇನ್ನೂ ಉಳಿದಿದೆಯೇ ನೋಡಿ.

ಸ್ಟಡ್‌ನ, ಅಂದರೆ ಚಕ್ರದ ನಟ್ ಕೂರುವ ಬೋಲ್ಟ್‌ನ, ಉದ್ದದ ವಿಷಯದಲ್ಲಿ ರಾಜಿ ಬೇಡ. ನಟ್‌ನೊಳಗೆ ಸೇರುವ ಎಳೆಯ ಉದ್ದ ಕನಿಷ್ಠ ಸ್ಟಡ್‌ನ ದಪ್ಪದಷ್ಟಿರಬೇಕು. ಎಂ12 ಸ್ಟಡ್, 1.5 ಮಿ.ಮೀ. ಎಳೆ ಎಂದರೆ 12 ಮಿ.ಮೀ., ಅಂದರೆ ಎಂಟು ಪೂರ್ಣ ಸುತ್ತು. ಅದಕ್ಕಿಂತ ಕಡಿಮೆ ಬಂದರೆ ಉದ್ದದ ಸ್ಟಡ್ ಹಾಕಿಸಿ. ನಟ್‌ನ ತಳ ಶಂಕುವಿನಂತಿದೆಯೋ ಗುಂಡಗಿದೆಯೋ, ರಿಮ್‌ನ ಗುಳಿ ಅದಕ್ಕೆ ಹೊಂದುತ್ತದೆಯೋ ಎಂದು ಬೆಳಕು ಹಿಡಿದು ನೋಡಿ. ಹೊಂದದ ನಟ್ ಬಿಗಿಯಾದಂತೆ ಕಂಡರೂ ಸಡಿಲವಾಗುತ್ತದೆ.

ಚಕ್ರ ತಾಗುತ್ತದೋ ಇಲ್ಲವೋ ಎಂದು ಅಳೆಯುವುದು ಹೇಗೆ?

ಇದಕ್ಕೆ ಒಂದು ದಿನ ಪೂರ್ತಿ ಮೀಸಲಿಡಿ. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ದಿನ ಅದೇ.

ಕಾರನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ ಚಕ್ರ ಕಳಚಿ, ಸ್ಪ್ರಿಂಗನ್ನು ಹೊರತೆಗೆಯಿರಿ. ಸ್ಪ್ರಿಂಗ್ ತುಂಬಾ ಒತ್ತಡದಲ್ಲಿರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದೆ ಅದರ ಹತ್ತಿರ ಹೋಗಬೇಡಿ. ಆಮೇಲೆ ಡ್ಯಾಂಪರನ್ನು (ಶಾಕ್ ಅಬ್ಸಾರ್ಬರ್) ಒಂಟಿಯಾಗಿ ಮರಳಿ ಕೂರಿಸಿ, ಹೊಸ ಚಕ್ರವನ್ನು ಟೈರ್ ಸಮೇತ ಹಾಕಿ, ಕೆಳಗಿನಿಂದ ಜ್ಯಾಕ್ ಕೊಟ್ಟು ಸಸ್ಪೆನ್ಶನ್ನನ್ನು ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ನಿಧಾನವಾಗಿ ಎತ್ತಿ. ಹತ್ತು ಹತ್ತು ಮಿಲಿಮೀಟರಿಗೆ ನಿಂತು ಕೈ ಹಾಕಿ ನೋಡಿ. ಮುಂಭಾಗದಲ್ಲಿ ಒಂದೊಂದು ಎತ್ತರದಲ್ಲೂ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಕೈ ಹೋಗದ ಜಾಗಗಳಲ್ಲಿ ಮಕ್ಕಳು ಆಡುವ ಜೇಡಿಮಣ್ಣಿನ ಉಂಡೆ ಅಂಟಿಸಿದರೆ ಎಷ್ಟು ದಪ್ಪಕ್ಕೆ ಒತ್ತಿಕೊಂಡಿದೆ ಎಂಬುದೇ ಅಲ್ಲಿ ಉಳಿದಿರುವ ಜಾಗವನ್ನು ಹೇಳುತ್ತದೆ.

ಒಳಗಡೆ ಸ್ಟ್ರಟ್ (ಡ್ಯಾಂಪರ್ ಮತ್ತು ಸ್ಪ್ರಿಂಗ್ ಕೂಡಿದ ಕಂಬ), ಸ್ಪ್ರಿಂಗ್ ಕೂರುವ ತಟ್ಟೆ, ಬ್ರೇಕ್ ಪೈಪು, ಬ್ರೇಕಿನ ಎಬಿಎಸ್ ವೈರು, ಸ್ಟೀರಿಂಗಿನ ಟೈ ರಾಡ್ ತುದಿ, ಕಾರು ವಾಲುವುದನ್ನು ತಡೆಯುವ ಆಂಟಿರೋಲ್ ಬಾರ್ ಇವೆಲ್ಲ ನೋಡಬೇಕು. ಸ್ಟ್ರಟ್ ಚಕ್ರದ ಜೊತೆಗೇ ಚಲಿಸುವುದರಿಂದ ಅಲ್ಲಿ 5 ಮಿ.ಮೀ. ಬಿಟ್ಟರೆ ನಾನು ಒಪ್ಪುತ್ತೇನೆ. ಬೇರೆ ದಿಕ್ಕಿನಲ್ಲಿ ಚಲಿಸುವ ಭಾಗಗಳಿಗೆ 10 ಮಿ.ಮೀ.ಗಿಂತ ಕಡಿಮೆ ಬಿಡಬೇಡಿ. ಬ್ರೇಕ್ ಪೈಪಿಗೆ ಇನ್ನೂ ಹೆಚ್ಚು.

ನನ್ನ ಮೊದಲ ಕಾರಿನಲ್ಲಿ ನಾನು ಚಕ್ರಗಳು ಕೆಳಗೆ ಜೋತಾಡುತ್ತಿದ್ದಾಗ ಒಮ್ಮೆ, ನೆಲದ ಮೇಲೆ ನಿಂತಾಗ ಒಮ್ಮೆ ಅಳೆದೆ, ಎರಡೂ ಸಲ ಬೆರಳು ಸರಾಗವಾಗಿ ಹೋಯಿತು. ಮೊದಲ ಓಟದಲ್ಲೇ, ಬ್ರೇಕ್ ಒತ್ತಿಕೊಂಡು ಎಡಕ್ಕೆ ತಿರುಗಿದಾಗ, ಬಂಪರನ್ನು ಫೆಂಡರಿಗೆ ಹಿಡಿದಿದ್ದ ಒಂದು ಸಣ್ಣ ಸ್ಕ್ರೂ ಬಲ ಮುಂಭಾಗದ ಟೈರಿನ ಭುಜದ ಸುತ್ತಲೂ ಗೆರೆ ಕೊರೆಯಿತು. ಹೊಸ ಟೈರ್. ಕಾರು ಮುಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ಚಕ್ರ ತಿರುಗಿರುವ ಆ ಸ್ಥಿತಿಯನ್ನು ನಿಂತ ಕಾರಿನಲ್ಲಿ ಸ್ಪ್ರಿಂಗ್ ತೆಗೆಯದೆ ಕಾಣಲು ಸಾಧ್ಯವೇ ಇಲ್ಲ. ಅಂದಿನಿಂದ ಕಮಾನಿನ ಸುತ್ತ ಇರುವ ಸ್ಕ್ರೂ, ಕ್ಲಿಪ್, ತಗಡಿನ ಕಿವಿ ಪ್ರತಿಯೊಂದನ್ನೂ ಬೆರಳಿನಿಂದ ಮುಟ್ಟಿ ಎಣಿಸುತ್ತೇನೆ.

ಫ್ಲೇರ್ ಇಲ್ಲದೆಯೇ ನಿಭಾಯಿಸಬಹುದೇ?

ಬಹಳ ಸಲ ಆಗುತ್ತದೆ. ಫೆಂಡರ್ ಕಮಾನಿನ ಒಳಗೆ ಅಡ್ಡಲಾಗಿ ಮಡಿಸಿದ ಒಂದು ತಗಡಿನ ತುಟಿ ಇರುತ್ತದೆ. ಅದನ್ನು ಮೇಲಕ್ಕೆ ಚಪ್ಪಟೆಯಾಗಿ ಮಡಿಸಿದರೆ ಹೊರಗಿನ ಆಕಾರ ಬದಲಾಗದೆ ತುಟಿಯ ಅಗಲದಷ್ಟು ಜಾಗ ಸಿಗುತ್ತದೆ. ಇದರ ಜೊತೆಗೆ ನೆಗೆಟಿವ್ ಕ್ಯಾಂಬರ್ ಹೆಚ್ಚಿಸಿದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿ ಮತ್ತಷ್ಟು ಜಾಗವಾಗುತ್ತದೆ. ಆಟೊಕ್ರಾಸ್‌ಗೆ ಆ ಕ್ಯಾಂಬರ್ ಹೇಗೂ ಬೇಕು.

1989ರಲ್ಲಿ ಬಂದ ಮಾಜ್ಡಾ ಮಿಯಾಟಾ ಇದಕ್ಕೆ ಒಳ್ಳೆಯ ಉದಾಹರಣೆ. ಕಾರ್ಖಾನೆಯಿಂದ ಅದು ಬಂದದ್ದು 14 ಇಂಚಿನ, 5.5 ಇಂಚು ಅಗಲದ ಚಕ್ರ ಮತ್ತು 185 ಟೈರಿನೊಂದಿಗೆ. ಅದೇ ಕಾರಿನಲ್ಲಿ 15 ಇಂಚಿನ, 9 ಇಂಚು ಅಗಲದ ರಿಮ್ ಮೇಲೆ 225/45 ಟೈರನ್ನು ತುಟಿ ಮಡಿಸಿ, ಕ್ಯಾಂಬರ್ ಕೊಟ್ಟು, ಫ್ಲೇರ್ ಇಲ್ಲದೆಯೇ ಓಡಿಸುವವರು ಬಹಳ ಮಂದಿ. ಅದಕ್ಕೂ ಮುಂದೆ ಹೋಗಬೇಕೆಂದಾಗಲೇ ಫ್ಲೇರ್ ಮಾತು ಬರುತ್ತದೆ.

ತುಟಿ ಮಡಿಸುವಾಗ ಹಬ್‌ಗೆ ಬಿಗಿದು ಉರುಳೆಯಿಂದ ಒತ್ತುವ ಸಾಧನ ಬಳಸಿ. ಹೀಟ್ ಗನ್‌ನಿಂದ ಬಣ್ಣವನ್ನು ಮುಟ್ಟಿದರೆ ಬಿಸಿ ಎನ್ನುವಷ್ಟು ಕಾಯಿಸಿ, ಒಂದೇ ಸಲಕ್ಕೆ ಮಡಿಸದೆ ಹಲವು ಸುತ್ತುಗಳಲ್ಲಿ ಸ್ವಲ್ಪಸ್ವಲ್ಪವೇ ಒತ್ತಿ. ತಣ್ಣಗಿದ್ದಾಗ ಮಡಿಸಿದರೆ ಬಣ್ಣ ಬಿರುಕು ಬಿಡುತ್ತದೆ, ಆ ಬಿರುಕಿನಿಂದಲೇ ತುಕ್ಕು ಒಳಹೊಗುತ್ತದೆ. ಟೈರ್ ಮತ್ತು ತಗಡಿನ ನಡುವೆ ಕೋಲು ಸಿಕ್ಕಿಸಿ ಕಾರನ್ನು ಹಿಂದೆ ಮುಂದೆ ತಳ್ಳುವ ವಿಧಾನವನ್ನು ನಾನು ಯಾರಿಗೂ ಹೇಳುವುದಿಲ್ಲ. ತಗಡು ಅಲೆಅಲೆಯಾಗುತ್ತದೆ, ಕೋಲು ಜಾರಿದರೆ ಕೈ ಸಿಗುತ್ತದೆ.

ಯಾವ ವಸ್ತುವಿನ ಫ್ಲೇರ್ ಒಳ್ಳೆಯದು?

ಕೋನ್ ತಾಗುವುದು ಈ ಆಟದಲ್ಲಿ ನಡೆಯುತ್ತಲೇ ಇರುತ್ತದೆ, ಮತ್ತು ಮೊದಲು ತಾಗುವುದು ಫ್ಲೇರ್‌ಗೇ. ಫೈಬರ್‌ಗ್ಲಾಸ್ ಫ್ಲೇರ್ ಹಗುರ, ದುರಸ್ತಿಯೂ ಸುಲಭ, ಆದರೆ ಪೆಟ್ಟಿಗೆ ಸೀಳುತ್ತದೆ. ಪಾಲಿಯುರೆಥೇನ್ ಬಾಗಿ ಮರಳಿ ತನ್ನ ಆಕಾರಕ್ಕೆ ಬರುತ್ತದೆ, ಸ್ವಲ್ಪ ಭಾರ. ಆಟೊಕ್ರಾಸ್‌ಗೆ ನನ್ನ ಆಯ್ಕೆ ಇದೇ. ಎಬಿಎಸ್ ಪ್ಲಾಸ್ಟಿಕ್ ಇವೆರಡರ ನಡುವೆ ನಿಲ್ಲುತ್ತದೆ. ಉಕ್ಕಿನ ತಗಡನ್ನೇ ಎಳೆದು ವೆಲ್ಡ್ ಮಾಡಿದ ಫ್ಲೇರ್ ನೋಡಲು ಕಾರ್ಖಾನೆಯದೇ ಎನ್ನುವಂತಿರುತ್ತದೆ, ಆದರೆ ಅದಕ್ಕೆ ಪಳಗಿದ ಟಿಂಕರಿಂಗ್ ಕೈ ಬೇಕು.

ಹಿಂದಿನ ಫೆಂಡರ್ ಕತ್ತರಿಸುವುದು ಮುಂದಿನದಕ್ಕಿಂತ ಕಷ್ಟ ಎನ್ನುತ್ತಾರೆ, ಏಕೆ?

ಹೆಚ್ಚಿನ ಕಾರುಗಳಲ್ಲಿ ಮುಂದಿನ ಫೆಂಡರ್ ಬೋಲ್ಟ್ ಹಾಕಿ ಕೂರಿಸಿದ್ದು. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ಹಿಂಬದಿಯ ಪ್ಯಾನೆಲ್ ಹಾಗಲ್ಲ, ಅದು ಬಾಡಿಯ ಭಾಗವೇ. ಕಮಾನಿನ ಅಂಚಿನಲ್ಲಿ ಹೊರ ತಗಡು ಮತ್ತು ಒಳ ತಗಡು ಎರಡನ್ನೂ ಸೇರಿಸಿ ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿರುತ್ತಾರೆ. ಆ ಅಂಚನ್ನು ಕತ್ತರಿಸಿ ಹಾಗೇ ಬಿಟ್ಟರೆ ಎರಡು ತಗಡುಗಳು ಬೇರೆಯಾಗುತ್ತವೆ, ಬಾಡಿಯ ಬಿಗಿ ಕಡಿಮೆಯಾಗುತ್ತದೆ, ಮಳೆನೀರು ಮತ್ತು ಕೆಸರು ನೇರವಾಗಿ ಡಿಕ್ಕಿಯೊಳಗೆ ಬರುತ್ತದೆ.

ಸರಿಯಾದ ಕ್ರಮ ಹೀಗೆ. ಫ್ಲೇರನ್ನು ಟೇಪ್ ಹಾಕಿ ಜಾಗದಲ್ಲಿ ನಿಲ್ಲಿಸಿ, ಚಕ್ರವನ್ನು ಪೂರ್ತಿ ಮೇಲೆತ್ತಿ, ದೂರ ನಿಂತು ನೋಡಿ. ಎಡ ಬಲ ಎರಡೂ ಒಂದೇ ಎತ್ತರದಲ್ಲಿವೆಯೇ ಎಂದು ಬಾಗಿಲಿನ ಅಂಚಿನಿಂದ ಅಳೆಯಿರಿ, ಕಣ್ಣಂದಾಜು ಬೇಡ. ಆಮೇಲೆ ಫ್ಲೇರಿನ ಹೊರ ಅಂಚಿನ ಗೆರೆ ಎಳೆದು, ಅದಕ್ಕಿಂತ ಸಾಕಷ್ಟು ಒಳಗೆ ಕತ್ತರಿಸುವ ಗೆರೆ ಹಾಕಿ. ಸ್ಕ್ರೂ ಹಿಡಿಯಲು ತಗಡು ಉಳಿಯಲೇಬೇಕು. ಮೊದಲ ಸಲ ಕಡಿಮೆ ಕತ್ತರಿಸಿ. ಹೊರ ತಗಡನ್ನು ಗೆರೆಯವರೆಗೆ ತೆಗೆದ ಮೇಲೆ ಒಳ ತಗಡಿನಲ್ಲಿ ಎರಡೆರಡು ಬೆರಳಿನ ಅಂತರಕ್ಕೆ ಸೀಳು ಕೊಟ್ಟು, ಆ ಪಟ್ಟಿಗಳನ್ನು ಹೊರಕ್ಕೆ ಬಾಗಿಸಿ ಹೊರ ತಗಡಿಗೆ ತಾಗಿಸಿ ವೆಲ್ಡ್ ಮಾಡಿ. ಉದ್ದಕ್ಕೆ ಒಂದೇ ಸಮ ವೆಲ್ಡ್ ಎಳೆದರೆ ತೆಳು ತಗಡು ಸುರುಟಿಕೊಳ್ಳುತ್ತದೆ. ಚುಕ್ಕೆ ಇಟ್ಟು, ಬಿಟ್ಟು, ಬೇರೆಡೆ ಚುಕ್ಕೆ ಇಟ್ಟು ಮುಂದುವರಿಯಿರಿ.

ಕತ್ತರಿಸುವ ಮೊದಲು ಆ ತಗಡಿನ ಹಿಂದೆ ಏನಿದೆ ಎಂದು ಒಳಗಿನಿಂದ ನೋಡುವುದು ಕಡ್ಡಾಯ. ಪೆಟ್ರೋಲ್ ತುಂಬಿಸುವ ಕೊಳವೆ ಹಿಂಭಾಗದ ಒಂದು ಬದಿಯ ಕಮಾನಿನ ಪಕ್ಕದಲ್ಲೇ ಇಳಿಯುತ್ತದೆ. ವೈರುಗಳು, ಸೀಟಿನ ಸ್ಪಂಜು, ನೆಲದ ಹಾಸು ಎಲ್ಲವೂ ಬೆಂಕಿ ಹಿಡಿಯುವಂಥವು. ಎಲ್ಲವನ್ನೂ ಹೊರಗೆ ತೆಗೆಯಿರಿ, ಬ್ಯಾಟರಿ ಕಳಚಿ, ಬೆಂಕಿ ನಂದಿಸುವ ಸಿಲಿಂಡರ್ ಹಿಡಿದ ಇನ್ನೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಗ್ರೈಂಡರಿನ ಕಿಡಿ ಗಾಜಿಗೆ ಬಿದ್ದರೆ ಕರಗಿ ಅಂಟುತ್ತದೆ, ಆ ಕಲೆ ಹೋಗುವುದಿಲ್ಲ. ಗಾಜುಗಳ ಮೇಲೆ ದಪ್ಪ ಬಟ್ಟೆ ಹೊದಿಸಿ. ಸತುವಿನ ಲೇಪವಿರುವ ತಗಡನ್ನು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಜ್ವರ ತರುತ್ತದೆ, ಫೈಬರ್‌ಗ್ಲಾಸ್ ಉಜ್ಜಿದ ಧೂಳು ಶ್ವಾಸಕೋಶಕ್ಕೆ ಹಾನಿಕರ. ಮುಖಕ್ಕೆ ಸರಿಯಾದ ಮಾಸ್ಕ್ ಇಲ್ಲದೆ ಎರಡೂ ಕೆಲಸ ಮಾಡಬೇಡಿ.

ಫ್ಲೇರನ್ನು ಅಂಟಿಸಬೇಕೇ, ಸ್ಕ್ರೂ ಹಾಕಬೇಕೇ?

ಸ್ಕ್ರೂ. ಬರೀ ಎರಡು ಮುಖದ ಟೇಪಿನ ಮೇಲೆ ಕೂರಿಸಿದ ಫ್ಲೇರ್ ಮೊದಲ ಕೋನ್ ತಾಗಿದಾಗ ಕೋನ್‌ನ ಜೊತೆಗೇ ಹೋಗುತ್ತದೆ. ತಗಡಿನಲ್ಲಿ ರಂಧ್ರ ಕೊರೆದು, ಎಳೆ ಇರುವ ರಿವೆಟ್ ನಟ್ ಕೂರಿಸಿ, ತುಕ್ಕು ಹಿಡಿಯದ ಸ್ಟೀಲಿನ ಗುಂಡುತಲೆಯ ಸ್ಕ್ರೂ ಬಳಸಿದರೆ ಮುರಿದ ಫ್ಲೇರನ್ನು ಸ್ಪರ್ಧೆಯ ಅಂಗಳದಲ್ಲೇ ಬದಲಿಸಬಹುದು. ಮೊದಲ ಸ್ಕ್ರೂ ಕಮಾನಿನ ನೆತ್ತಿಯಲ್ಲಿ. ಅಲ್ಲಿಂದ ಎರಡೂ ಕಡೆಗೆ ಇಳಿಯುತ್ತಾ ಬನ್ನಿ. ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ, ಆದ್ದರಿಂದ ಫ್ಲೇರಿನ ರಂಧ್ರ ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ತೀರಾ ಬಿಗಿಯಬೇಡಿ. ತಗಡು ಮತ್ತು ಫ್ಲೇರಿನ ನಡುವೆ ರಬ್ಬರ್ ಪಟ್ಟಿ ಹಾಕಿದರೆ ಬಣ್ಣ ಉಜ್ಜಿಹೋಗುವುದಿಲ್ಲ.

ಕತ್ತರಿಸಿದ ಅಂಚಿಗೆ ಏನು ಮಾಡಬೇಕು?

ಅದೇ ದಿನ ಬಣ್ಣ ಹಚ್ಚಬೇಕು. ನಾಳೆಗೆ ಬಿಟ್ಟ ಅಂಚು ಮುಂದಿನ ಋತುವಿನವರೆಗೂ ಹಾಗೇ ಉಳಿಯುವುದನ್ನು ಎಷ್ಟೋ ಕಾರುಗಳಲ್ಲಿ ಕಂಡಿದ್ದೇನೆ. ಬರಿ ಲೋಹಕ್ಕೆ ಸತುವಿನ ಪ್ರೈಮರ್, ಜೋಡಣೆಗಳಿಗೆ ಸೀಮ್ ಸೀಲರ್, ಮೇಲೆ ಬಣ್ಣ, ಎರಡು ತಗಡುಗಳ ನಡುವಿನ ಪೊಳ್ಳಿಗೆ ಮೇಣದ ಸ್ಪ್ರೇ. ರಿವೆಟ್ ನಟ್‌ನ ಪ್ರತಿ ರಂಧ್ರದ ಅಂಚಿಗೂ ಪ್ರೈಮರ್ ಮುಟ್ಟಿಸಿ.

ಮುಂದೆ ಹಿಂದೆ ಒಂದೇ ಅಗಲ ಹಾಕಬೇಕೇ?

ಹಿಂದಿನ ಚಕ್ರ ಎಳೆಯುವ ಕಾರುಗಳಿಗೆ ನಾಲ್ಕೂ ಒಂದೇ ಅಗಲ ನನ್ನ ಸಲಹೆ. ಹಿಂದೆ ಮಾತ್ರ ಅಗಲ ಮಾಡಿದರೆ ಬಿಗಿ ತಿರುವಿನಲ್ಲಿ ಮೂಗು ಹೊರಗೆ ಹೋಗುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಳೆಯುವುದು, ತಿರುಗುವುದು, ಬ್ರೇಕಿನ ಹೆಚ್ಚಿನ ಭಾಗ ಎಲ್ಲವೂ ಮುಂದಿನ ಟೈರಿನ ಮೇಲೆಯೇ. ಅಲ್ಲಿ ಮುಂದೆ ಅಗಲ, ಹಿಂದೆ ಕಿರಿದು ಎಂಬುದು ಒಳ್ಳೆಯ ಉಪಾಯ. ಹಿಂಭಾಗದ ಫ್ಲೇರಿನ ಕೆಲಸವೇ ತಪ್ಪುತ್ತದೆ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಟೈರಿನ ಒಟ್ಟು ಎತ್ತರ ನಾಲ್ಕರಲ್ಲೂ ಸಮನಾಗಿರಲೇಬೇಕು, ಇಲ್ಲದಿದ್ದರೆ ಡಿಫರೆನ್ಶಿಯಲ್ ಸವೆಯುತ್ತದೆ.

ಸ್ಟೀರಿಂಗ್ ಭಾರವಾಯಿತು, ರಸ್ತೆಯ ಗೆರೆಗಳನ್ನು ಹಿಡಿದು ಎಳೆಯುತ್ತದೆ. ಏಕೆ?

ಚಕ್ರ ಹೊರಗೆ ಸರಿದಾಗ ಸ್ಟೀರಿಂಗ್ ತಿರುಗುವ ಅಕ್ಷರೇಖೆ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ದೂರ ಬದಲಾಗುತ್ತದೆ. ಆ ದೂರ ಹೆಚ್ಚಿದಷ್ಟೂ ನೆಲದ ಉಬ್ಬುತಗ್ಗು, ಬ್ರೇಕು, ಎಂಜಿನ್ನಿನ ಎಳೆತ ಎಲ್ಲವೂ ಸ್ಟೀರಿಂಗಿಗೆ ನೇರವಾಗಿ ಬರುತ್ತವೆ. ಹಬ್ ಬೇರಿಂಗಿನ ಮೇಲಿನ ಹೊರೆಯೂ ಏರುತ್ತದೆ, ಜೊತೆಗೆ ಸನ್ನೆಕೋಲು ಉದ್ದವಾದಂತಾಗಿ ಸ್ಪ್ರಿಂಗುಗಳು ಮೊದಲಿಗಿಂತ ಮೆದುವಾದಂತೆ ವರ್ತಿಸುತ್ತವೆ. ಒಳಗೆ ಜಾಗ ಹುಡುಕಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಪ್ರತಿ ಸ್ಪರ್ಧೆಯ ನಂತರ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗಿನಲ್ಲಿ ಸಡಿಲ ಇದೆಯೇ ನೋಡಿ.

ಹಳೆಯ ಅಲೈನ್‌ಮೆಂಟ್, ಹಳೆಯ ಗಾಳಿ ಒತ್ತಡ ಮುಂದುವರಿಸಬಹುದೇ?

ಇಲ್ಲ. ಟೈರ್ ಅಗಲವಾದಷ್ಟೂ ಕ್ಯಾಂಬರ್ ತಪ್ಪಿಗೆ ಕೊಡಬೇಕಾದ ಬೆಲೆ ಹೆಚ್ಚು, ಏಕೆಂದರೆ ಒಂದು ಅಂಚು ಎದ್ದರೆ ಬಹಳಷ್ಟು ರಬ್ಬರ್ ಕೆಲಸವಿಲ್ಲದೆ ಕೂರುತ್ತದೆ. ಸ್ಟ್ರಟ್ ಸಸ್ಪೆನ್ಶನ್ನಿನ ಕಾರುಗಳಲ್ಲಿ ಮುಂದೆ ಮೈನಸ್ 2.5ರಿಂದ 3.5 ಡಿಗ್ರಿ ಸಾಮಾನ್ಯ ಆರಂಭ. ಒತ್ತಡವನ್ನು ಹುಡುಕಲು ಟೈರಿನ ಭುಜದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಒಂದು ಓಟ ಮುಗಿಸಿ ಬನ್ನಿ. ಸುಣ್ಣ ಪಕ್ಕದ ಗೋಡೆಯ ಮೇಲೂ ಅಳಿಸಿದ್ದರೆ ಗಾಳಿ ಕಡಿಮೆ ಅಥವಾ ಕ್ಯಾಂಬರ್ ಸಾಲದು. ಭುಜದವರೆಗೂ ಅಳಿಸದಿದ್ದರೆ ಗಾಳಿ ಹೆಚ್ಚು. ಅಗಲ ರಿಮ್ ಗೋಡೆಗೆ ಆಸರೆ ಕೊಡುವುದರಿಂದ ಹಿಂದಿಗಿಂತ ಕಡಿಮೆ ಒತ್ತಡದಲ್ಲಿ ಸರಿಹೊಂದುವುದೇ ಹೆಚ್ಚು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಬರೆದಿಟ್ಟುಕೊಳ್ಳಿ.

ಗೇರಿನ ಮೇಲೆ ಪರಿಣಾಮವಿದೆಯೇ?

ಟೈರಿನ ಎತ್ತರ ಬದಲಾದರೆ ಇದೆ. 205/50ಆರ್15 ಸುಮಾರು 586 ಮಿ.ಮೀ. ಎತ್ತರ, 225/45ಆರ್15 ಸುಮಾರು 583, ವ್ಯತ್ಯಾಸ ಗೊತ್ತಾಗುವುದಿಲ್ಲ. 225/50ಆರ್15 ಹಾಕಿದರೆ 606 ಮಿ.ಮೀ. ಆಗಿ ಎಳೆತ ಮಂದವಾಗುತ್ತದೆ, ಕಮಾನಿಗೆ ತಾಗುವ ಸಾಧ್ಯತೆಯೂ ಹೆಚ್ಚು. ಓಟದ ಬಹುಭಾಗ ಎರಡನೇ ಗೇರಿನಲ್ಲೇ ನಡೆಯುವುದರಿಂದ ಎತ್ತರ ತೀರಾ ಕಡಿಮೆಯಾದರೆ ಎಂಜಿನ್ ಮಿತಿಗೆ ಬಡಿದು ಮೂರನೆಯದಕ್ಕೆ ಹೋಗಬೇಕಾದೀತು.

ಇದೇ ಕಾರನ್ನು ರಸ್ತೆಯಲ್ಲೂ ಓಡಿಸಬಹುದೇ?

ಅದು ನೀವಿರುವ ಕಡೆಯ ಸಾರಿಗೆ ಕಾನೂನಿಗೆ ಬಿಟ್ಟದ್ದು. ಟೈರ್ ಫೆಂಡರಿನಿಂದ ಹೊರಗೆ ಇಣುಕಬಾರದು ಎಂಬ ನಿಯಮ ಹಲವೆಡೆ ಇದೆ. ಬಾಡಿಯ ಮಾರ್ಪಾಡಿಗೆ ಅನುಮತಿ ಬೇಕೇ, ವಿಮೆಗೆ ತಿಳಿಸಬೇಕೇ ಎಂಬುದನ್ನು ತಗಡು ಮುಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಎಲ್ಲ ಮುಗಿಯಿತು. ಮೊದಲ ಸ್ಪರ್ಧೆಯ ದಿನ ಏನು ಗಮನಿಸಬೇಕು?

ಚಕ್ರದ ನಟ್‌ಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರ್‌ನಿಂದ (ಬಿಗಿತ ಅಳೆಯುವ ಪಾನಾ) ಬಿಗಿದು, ಮೊದಲ ಓಟ ಮುಗಿದು ಚಕ್ರ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ. ಹೊಸ ರಿಮ್‌ಗಳಲ್ಲಿ ನಟ್ ಒಂದಿಷ್ಟು ಕೂರುವುದು ಸಹಜ. ಕಮಾನಿನ ಒಳಗೆ ಟಾರ್ಚ್ ಹಿಡಿದು ಹೊಳೆಯುವ ಉಜ್ಜಿದ ಗುರುತು ಹುಡುಕಿ. ಒಳಗಿನ ಪ್ಲಾಸ್ಟಿಕ್ ಪದರದ ಮೇಲೆ ತೆಳುವಾದ ಗುರುತು ಸರಿ, ಬ್ರೇಕ್ ಪೈಪಿನ ಮೇಲೆ ಕೂದಲೆಳೆಯಷ್ಟು ಗುರುತಿದ್ದರೂ ಅಂದಿನ ಓಟ ಅಲ್ಲಿಗೇ ನಿಲ್ಲಿಸಿ. ಸುಟ್ಟ ರಬ್ಬರಿನ ವಾಸನೆ ಬಂದರೆ ಇನ್ನೊಂದು ಓಟ ಮುಗಿಸಿ ನೋಡೋಣ ಎನ್ನಬೇಡಿ.

ಮತ್ತು ಮೊದಲ ಎರಡು ಓಟಗಳಲ್ಲಿ ಕೋನ್‌ಗಳಿಗೆ ಒಂದು ಗೇಣು ಹೆಚ್ಚು ಜಾಗ ಬಿಡಿ. ಕೂತ ಜಾಗದಿಂದ ಹಿಂದಿನ ಫ್ಲೇರ್ ಕಾಣುವುದಿಲ್ಲ. ಕಾರು ಎಲ್ಲಿಗೆ ಮುಗಿಯುತ್ತದೆ ಎಂದು ನಿಮ್ಮ ಮೈಗೆ ಇಷ್ಟು ದಿನ ಗೊತ್ತಿದ್ದ ಅಳತೆ ಈಗ ಬದಲಾಗಿದೆ, ಅದನ್ನು ಹೊಸದಾಗಿ ಕಲಿಯಲು ಅದಕ್ಕೆ ಒಂದು ಬೆಳಗ್ಗೆಯಷ್ಟು ಸಮಯ ಕೊಡಿ.